ತಕ್ಕಡಿ ನೋಡಿ ತೂಕ ನಂಬಿ



ನಿಪ್ಪಾಣಿ ಪೇಟೆಗೆ ತಂಬಾಕು ಒಯ್ದ ಯಾವ ರೈತನೂ ತಕ್ಕಡಿ ನೋಡದೆ ತೂಕ ಒಪ್ಪೋದಿಲ್ಲ. ಅದೇ ರೈತ, ಪೇಪರಿನಲ್ಲಿ ‘ಸಂಶೋಧನೆ ಹೇಳಿದೆ’ ಅಂತ ಕಂಡರೆ ಸಾಕು, ತಲೆದೂಗಿ ಬಿಡುತ್ತಾನೆ. ಇದು ಯಾವ ನ್ಯಾಯ?

ಇ-ಸಿಗರೇಟಿನ ಸುದ್ದಿಯನ್ನೇ ತಗೊಳ್ಳಿರಿ. ಎಲೆ ಸುಡದೆ, ನಿಕೋಟಿನ್ ದ್ರವ ಕಾಯಿಸಿ ಆವಿ ಎಳೆಯೋ ಯಂತ್ರವದು. 2015ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಸರಕಾರಿ ಆರೋಗ್ಯ ಸಂಸ್ಥೆ, ಇದು ಸಿಗರೇಟಿಗಿಂತ ಶೇಕಡಾ 95ರಷ್ಟು ಕಡಿಮೆ ಅಪಾಯ ಅಂತ ಸಾರಿತು. ಅದೇ ತಿಂಗಳು ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆ ಅದರ ಬುಡ ಬಿಚ್ಚಿ ತೋರಿಸಿತು. ಆ 95 ಅಳೆದು ತೆಗೆದ ಲೆಕ್ಕವಲ್ಲ. 12 ಜನ ಕೂತು ಹಾಕಿದ ಅಂದಾಜು. ಅವರಲ್ಲಿ ಕೆಲವರಿಗೆ ಕಂಪನಿಗಳ ನಂಟೂ ಇತ್ತು.

ಎದುರು ಪಕ್ಷದ ಲೆಕ್ಕವೂ ಶುದ್ಧವಲ್ಲ. ಇ-ಸಿಗರೇಟಿನಿಂದ ಹೃದಯಾಘಾತ ಹೆಚ್ಚು ಅಂತ 2019ರಲ್ಲಿ ಅಮೆರಿಕದಲ್ಲೊಂದು ಲೇಖನ ಬಂತು. ಯಂತ್ರ ಹಿಡಿಯೋಕೆ ಮೊದಲೇ ಹೃದಯಾಘಾತ ಆದವರನ್ನೂ ಅದರ ಲೆಕ್ಕಕ್ಕೆ ಸೇರಿಸಿದ್ದರು! 2020ರ ಫೆಬ್ರುವರಿಯಲ್ಲಿ ಪತ್ರಿಕೆಯೇ ಅದನ್ನು ಹಿಂದಕ್ಕೆ ತಗೊಂಡಿತು. ಅದೇ ಕಾಲಕ್ಕೆ ಅಲ್ಲಿ ಶ್ವಾಸಕೋಶ ಕೆಟ್ಟು 68 ಜನ ಸತ್ತರು. ‘ಇ-ಸಿಗರೇಟಿಗೆ ಬಲಿ’ ಅಂತ ಸುದ್ದಿ ಹಬ್ಬಿತು. ತಪಾಸಣೆಯಲ್ಲಿ ಸಿಕ್ಕ ಮುಖ್ಯ ಕಾರಣ, ಗಾಂಜಾ ಎಣ್ಣೆಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್. ಹಾಗಂತ ಯಂತ್ರ ನಿರಪಾಯವೇ? ಅಲ್ಲ. ನಿಕೋಟಿನ್ ಚಟ ಹಿಡಿಸುತ್ತದೆ, ಎಳೆಯರನ್ನು ಬೇಗ ಹಿಡಿಯುತ್ತದೆ. ಕರ್ನಾಟಕ 2016ರಲ್ಲಿ, ಕೇಂದ್ರ ಸರಕಾರ 2019ರ ಸೆಪ್ಟೆಂಬರಿನಲ್ಲಿ ಅದನ್ನು ನಿಷೇಧಿಸಿದವು. ಬೀಡಿ, ಸಿಗರೇಟು ಮಾತ್ರ ಅಂಗಡಿಯಲ್ಲೇ ಉಳಿದವು.

ಇದರಲ್ಲಿ ನಮಗೇನು ಅಂತೀರಾ? ಗಂಡ ಹೆಂಡಿರ ಜಗಳದಾಗ ಕೂಸು ಬಡವಾಯ್ತು! ಮೈಸೂರು ಕಡೆಯ ವರ್ಜೀನಿಯಾ ತಂಬಾಕಿಗೆ ತಂಬಾಕು ಮಂಡಳಿಯ ಹರಾಜಾದರೂ ಇದೆ. ನಮ್ಮ ಬೀಡಿ ತಂಬಾಕಿಗೆ ಅದೂ ಇಲ್ಲ. ‘ತಂಬಾಕಿನ ಕಾಲ ಮುಗೀತು, ಪೇಪರ್ ನೋಡ್ರೀ’ ಅಂತ ವ್ಯಾಪಾರಿ ಅಂದರೆ, ಸಾಲದ ಕಂತು ತಲೆ ಮೇಲಿರೋ ರೈತ ಏನು ಉತ್ತರ ಕೊಟ್ಟಾನು? ದರ ಕೇಳಿದ್ದಕ್ಕೆ 1981ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಗುಂಡು ತಿಂದವರು ನಾವು. ಒಂದು ತಲೆಬರಹಕ್ಕೆ ಹೆದರಿ ದರ ಇಳಿಸಿಕೊಳ್ಳಬೇಕೇ?

ಪೇಪರಿನವರು ಮರೆತ ಆರೋಗ್ಯ ಸುದ್ದಿಯೂ ಒಂದಿದೆ. ಇಬ್ಬನಿ ಬಿದ್ದ ಹಸಿ ಎಲೆ ಮುರಿವಾಗ ನಿಕೋಟಿನ್ ಚರ್ಮದೊಳಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆ. ಬೀಡಿ ಕಟ್ಟೋ ಹೆಂಗಸರ ಎದೆಗೆ ತಂಬಾಕಿನ ಧೂಳು ಇಳಿಯುತ್ತದೆ. ಬೀಡಿ ಸೇದಿದವನಿಗೂ ಕ್ಯಾನ್ಸರ್ ಬಿಟ್ಟಿದ್ದಲ್ಲ. ನಮ್ಮ ಬೆಳೆ ಅಂತ ಈ ಸತ್ಯ ಮುಚ್ಚಿಡೋದು ರೈತನ ಧರ್ಮವಲ್ಲ.

ಆದ್ದರಿಂದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿದ್ದರೂ ಸರಿ, ಆರೋಗ್ಯದ ಸುದ್ದಿ ಓದಿದಾಗ ಮೂರು ಮಾತು ಕೇಳಿರಿ. ಈ ಸಂಶೋಧನೆಗೆ ರೊಕ್ಕ ಯಾರದು? ಫಿಲಿಪ್ ಮಾರಿಸ್ ಸಿಗರೇಟು ಕಂಪನಿ 2017ರಲ್ಲಿ ‘ಹೊಗೆಮುಕ್ತ ಜಗತ್ತಿ’ನ ಹೆಸರಿನ ಸಂಸ್ಥೆಗೆ ವರ್ಷಕ್ಕೆ ಸುಮಾರು 8 ಕೋಟಿ ಡಾಲರ್ ಕೊಡುತ್ತೇನೆ ಅಂದಿತ್ತು, ನೆನಪಿಡಿರಿ. ಎರಡನೆಯದು, ಅಳೆದದ್ದೋ, ಅಂದಾಜೋ? ಮೂರನೆಯದು, ಯಾವುದಕ್ಕೆ ಹೋಲಿಸಿದರು: ಸಿಗರೇಟಿಗೋ, ಶುದ್ಧ ಗಾಳಿಗೋ?

ಉತ್ತರ ಸಿಗೋತನಕ ಆ ಸುದ್ದಿ ನಂಬಿ ಬೆಳೆ ಕಿತ್ತು ಹಾಕಬೇಡಿರಿ, ಹೊಸ ಸಾಲವನ್ನೂ ಎತ್ತಬೇಡಿರಿ. ಬೇರೆ ಬೆಳೆಗೆ ಹೋಗಿ ಅಂತ ಹೇಳೋ ಸರಕಾರ ಮೊದಲು ಆ ಬೆಳೆಗೆ ನೀರು, ದರ, ಪೇಟೆ ಮೂರನ್ನೂ ಖಾತ್ರಿ ಮಾಡಲಿ.