ಆನ್‌ಲೈನ್ ಅಂಗಡಿಯ ಬೀಗದ ಕೈ ಯಾರಲ್ಲಿರಬೇಕು?

ಬೆಳೆಯುವುದರಲ್ಲಿ ನಮ್ಮ ರೈತರು ಯಾರಿಗೂ ಹಿಂದೆ ಬಿದ್ದವರಲ್ಲ, ಮಾರುವ ಹೊತ್ತಿಗೆ ಮಾತ್ರ ಸೋಲುತ್ತಾರೆ ಎಂಬ ಮಾತು ಹಳೆಯದು. ಈಗ ಮಾರುವುದಕ್ಕೂ ಹೊಸ ದಾರಿಯೊಂದು ತೆರೆದಿದೆ. ಕೊರೊನಾದಿಂದಾಗಿ 2020ರಲ್ಲಿ ಸಂತೆಗಳು ನಿಂತುಹೋದಾಗ ಮೊಬೈಲಿನ ಮೇಲೆಯೇ ಹಣ್ಣು ತರಕಾರಿ ಮಾರಿ ಉಳಿದುಕೊಂಡ ರೈತರು ಅನೇಕರು. ಅಲ್ಲಿಂದೀಚೆಗೆ ಬೆಲ್ಲ, ಕಾಳುಮೆಣಸು, ಸಿರಿಧಾನ್ಯ, ಉಪ್ಪಿನಕಾಯಿಗಳನ್ನು ಸ್ವಂತ ಜಾಲತಾಣದ ಮೂಲಕ ದೂರದೂರಿಗೆ ಕಳುಹಿಸುವ ಮಹಿಳಾ ಸಂಘಗಳೂ ರೈತ ಉತ್ಪಾದಕ ಕಂಪನಿಗಳೂ ಅಲ್ಲಲ್ಲಿ ಕಾಣಿಸಿಕೊಂಡಿವೆ. ಇಂಥವರು ನಮ್ಮ ಕಚೇರಿಗೆ ಬಂದು ಕೇಳುವ ಪ್ರಶ್ನೆ ಒಂದೇ: “ಸಾರ್, ಅಂಗಡಿಗೆ ಯಾವ ಸಾಫ್ಟ್‌ವೇರ್ ಹಾಕಿಸೋಣ?”

ಜಾಲತಾಣವೆಂಬುದು ಅಂಗಡಿಯ ಬೋರ್ಡಿದ್ದಂತೆ. ಬೋರ್ಡು ಬರೆಸಿದ ಮಾತ್ರಕ್ಕೆ ವ್ಯಾಪಾರ ಆಗದು. ಗಿರಾಕಿ ಎರಡು ಕೆ.ಜಿ. ಬೆಲ್ಲವನ್ನು ಆರಿಸಿ ಬುಟ್ಟಿಗೆ ಹಾಕಬೇಕು; ಸಾಗಣೆ ಸೇರಿ ಎಷ್ಟಾಯಿತೆಂದು ಅವನಿಗೆ ತಿಳಿಯಬೇಕು; ಹಣ ಕಟ್ಟಬೇಕು; ಅವನ ವಿಳಾಸ ನಿಮಗೆ ಬರಬೇಕು; ನಿಮ್ಮ ದಾಸ್ತಾನಿನ ಲೆಕ್ಕದಲ್ಲಿ ಎರಡು ಕೆ.ಜಿ. ಕಡಿಮೆಯಾಗಬೇಕು. ಇಷ್ಟನ್ನೂ ಮಾಡುವುದೇ ‘ಶಾಪಿಂಗ್ ಕಾರ್ಟ್’ ಎಂಬ ಸಾಫ್ಟ್‌ವೇರ್.

ಇದನ್ನು ಪಡೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಬಾಡಿಗೆಯ ಅಂಗಡಿ. 2006ರಲ್ಲಿ ಕೆನಡಾದಲ್ಲಿ ಆರಂಭವಾದ ಶಾಪಿಫೈ ಈ ಬಗೆಯದು. ತಿಂಗಳಿಗಿಷ್ಟು ಕಟ್ಟಿದರೆ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಇನ್ನೊಂದು, ಸ್ವಂತ ಅಂಗಡಿ. ವರ್ಡ್‌ಪ್ರೆಸ್ ಎಂಬ ಉಚಿತ ಸಾಫ್ಟ್‌ವೇರಿನ ಮೇಲೆ 2011ರಿಂದ ಸಿಗುತ್ತಿರುವ ವೂಕಾಮರ್ಸ್ ಹಾಕಿಸಿಕೊಳ್ಳುವುದು. ಮಜೆಂಟೊದಂಥ ದೊಡ್ಡವೂ ಇವೆ. ಆದರೆ ನಾಲ್ಕು ಬಗೆಯ ಪದಾರ್ಥ ಮಾರುವ ಸಂಘಕ್ಕೆ ಅದು ಅರ್ಧ ಎಕರೆ ಗದ್ದೆಗೆ ಕಂಬೈನ್ ಹಾರ್ವೆಸ್ಟರ್ ಇಳಿಸಿದಂತೆ.

ಯಾವುದು ಮೇಲು ಎಂದು ಹೇಳುವ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2021ರಲ್ಲಿ ಶಿರಸಿ ಕಡೆಯ ಒಂದು ಮಹಿಳಾ ಸಂಘದವರು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ ಮಾರಲು ಜಾಲತಾಣ ಬೇಕೆಂದರು. ಎಲ್ಲಿ ಅಗ್ಗವೋ ಅಲ್ಲಿ ಮಾಡಿಸಿರೆಂದು ಹೇಳಿದವನು ನಾನು. ಪೇಟೆಯ ಯುವಕನೊಬ್ಬ ಕಡಿಮೆ ಹಣಕ್ಕೆ ಚೆಂದವಾಗಿಯೇ ಮಾಡಿಕೊಟ್ಟ. ಆದರೆ ಜಾಲತಾಣದ ಹೆಸರನ್ನು ತನ್ನ ಹೆಸರಿನಲ್ಲಿ, ತನ್ನ ಇಮೇಲ್‌ನಲ್ಲಿ ನೋಂದಾಯಿಸಿಕೊಂಡಿದ್ದ. ಮೋಸದ ಉದ್ದೇಶವೇನೂ ಇರಲಿಲ್ಲ, ಕೇಳುವವರು ಯಾರೂ ಇರಲಿಲ್ಲ ಅಷ್ಟೆ. ಎರಡು ವರ್ಷದ ಮೇಲೆ ಅವನಿಗೆ ದೂರದಲ್ಲಿ ನೌಕರಿಯಾಯಿತು, ಫೋನ್ ನಂಬರು ಬದಲಾಯಿತು. ಹೆಸರಿನ ನವೀಕರಣಕ್ಕೆ ಹಣ ಕಟ್ಟುವ ದಿನ ದಾಟಿತು. 2023ರ ಮೇ ತಿಂಗಳಲ್ಲಿ, ಹೊಸ ಮಿಡಿ ಉಪ್ಪಿನಕಾಯಿಗೆ ಬೇಡಿಕೆ ಏರುವ ಹೊತ್ತಿಗೇ, ಅಂಗಡಿ ಮುಚ್ಚಿತು.

ಚಿತ್ರಗಳನ್ನು ಮತ್ತೆ ತೆಗೆಯಬಹುದಿತ್ತು. ಮರಳಿ ಬಾರದೆ ಹೋದದ್ದು ಏಳುನೂರಕ್ಕೂ ಮಿಕ್ಕಿದ ಗಿರಾಕಿಗಳ ವಿಳಾಸ. ಆ ಹೆಂಗಸರು ಎರಡು ವರ್ಷ ಡಬ್ಬಿ ಕಟ್ಟಿ, ಅಂಚೆ ಕಚೇರಿಗೆ ಹೊತ್ತು ಸಂಪಾದಿಸಿದ ಗಳಿಕೆಯೆಂದರೆ ಆ ಪಟ್ಟಿಯೇ. “ಒಂದು ನೋಟ್ ಬುಕ್ಕಲ್ಲಿ ಬರೆದಿಟ್ಟುಕೊಳ್ಳಿ ಅಂತ ನೀವೊಂದು ಮಾತು ಹೇಳಿದ್ರೆ ಸಾಕಿತ್ತು ಸಾರ್” ಎಂದರು ಸಂಘದ ಅಧ್ಯಕ್ಷೆ. ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಸಾಫ್ಟ್‌ವೇರ್ ಯಾವುದೆಂಬುದಕ್ಕಿಂತ ಮೊದಲು ವಿಚಾರಿಸಬೇಕಾದ್ದು ಬೀಗದ ಕೈ ಯಾರಲ್ಲಿರುತ್ತದೆ ಎಂಬುದನ್ನು. ಗೇಣಿಗೆ ಭೂಮಿ ಹಿಡಿದವನು ಪಹಣಿ ಯಾರ ಹೆಸರಿನಲ್ಲಿದೆಯೆಂದು ನೋಡದೆ ತೆಂಗಿನ ಸಸಿ ಹಾಕುವುದಿಲ್ಲ. ಜಾಲತಾಣದ ಹೆಸರು, ಅದಕ್ಕೆ ಕೊಟ್ಟ ಇಮೇಲ್, ಹಣ ಬರುವ ಬ್ಯಾಂಕ್ ಖಾತೆ, ಇವು ಮೂರೂ ಸಂಘದ ಹೆಸರಿನಲ್ಲಿರಬೇಕು. ಪಾಸ್‌ವರ್ಡ್ ಕನಿಷ್ಠ ಇಬ್ಬರು ಪದಾಧಿಕಾರಿಗಳಿಗೆ ಗೊತ್ತಿರಬೇಕು. ಅಂಗಡಿ ಬಿಟ್ಟು ಹೋಗುವ ದಿನ ಗಿರಾಕಿಗಳ ಪಟ್ಟಿಯನ್ನೂ ಪದಾರ್ಥಗಳ ಪಟ್ಟಿಯನ್ನೂ ಕೊಂಡೊಯ್ಯಬಹುದೇ ಎಂದು ಸೇರುವ ದಿನವೇ ಕೇಳಿ. ಶಾಪಿಫೈ, ವೂಕಾಮರ್ಸ್ ಎರಡರಲ್ಲೂ ಈ ಪಟ್ಟಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಅವಕಾಶವಿದೆ. ತಿಂಗಳಿಗೊಮ್ಮೆ ಇಳಿಸಿಕೊಳ್ಳುವ ಕೆಲಸವನ್ನು ಒಬ್ಬರಿಗೆ ವಹಿಸಬೇಕು. ಅವಕಾಶವಿಲ್ಲವೆನ್ನುವವರ ಅಂಗಡಿ ಪುಕ್ಕಟೆ ಕೊಟ್ಟರೂ ಬೇಡ.

ಪುಕ್ಕಟೆಯ ಮಾತು ಬಂತು. ವೂಕಾಮರ್ಸ್‌ಗೆ ಹಣವಿಲ್ಲ ನಿಜ. ಕರು ಪುಕ್ಕಟೆ ಸಿಕ್ಕರೂ ಹುಲ್ಲು ಪುಕ್ಕಟೆಯಲ್ಲ. ಜಾಲತಾಣವನ್ನು ಇರಿಸುವ ಸರ್ವರಿಗೆ ಪ್ರತಿವರ್ಷ ಕಟ್ಟಬೇಕು. ಹೊಸ ಆವೃತ್ತಿ ಬಂದಾಗಲೆಲ್ಲ ಹಾಕಿಸಬೇಕು. ಹಾಕಿಸದಿದ್ದರೆ ಹಳೆಯ ಬೇಲಿಯಲ್ಲಿ ದನ ನುಗ್ಗಿದಂತೆ ಕಳ್ಳರು ನುಗ್ಗುತ್ತಾರೆ. ಇದನ್ನು ನೋಡಿಕೊಳ್ಳುವವರು ಹತ್ತಿರದಲ್ಲಿದ್ದರೆ ಮಾತ್ರ ಸ್ವಂತ ಅಂಗಡಿ ಲೇಸು. ಇಲ್ಲದವರು ಬಾಡಿಗೆಯಿಂದಲೇ ತೊಡಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬಾಡಿಗೆಯ ಲೆಕ್ಕವೂ ಸುಲಭ. ತಿಂಗಳಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳೋಣ. 400 ಆರ್ಡರ್ ಬಂದರೆ ಒಂದೊಂದರ ಮೇಲೆ ಬೀಳುವುದು 5 ರೂಪಾಯಿ. 40 ಬಂದರೆ 50 ರೂಪಾಯಿ. ಲಾಭವೆಲ್ಲ ಅಲ್ಲಿಗೇ ಹೋಯಿತು. ಮಾವಿನಂತೆ ಎರಡು ಮೂರು ತಿಂಗಳ ವ್ಯಾಪಾರವಿರುವವರು ಉಳಿದ ತಿಂಗಳು ಬಾಡಿಗೆಯಲ್ಲಿ ರಿಯಾಯಿತಿ ಉಂಟೇ ಎಂದು ಕೇಳಿಕೊಳ್ಳಬೇಕು. ವಾರಕ್ಕೆ ಹತ್ತು ಆರ್ಡರ್ ಕೂಡ ಇಲ್ಲದವರಿಗೆ ಸದ್ಯಕ್ಕೆ ವಾಟ್ಸ್‌ಆ್ಯಪ್, ಯು.ಪಿ.ಐ. ಮತ್ತು ಒಂದು ನೋಟ್ ಬುಕ್ ಸಾಕು. ಹೀಗೆ ಹೇಳಿದರೆ ಹುಡುಗರಿಗೆ ಬೇಸರವಾಗುತ್ತದೆ, ಆಗಲಿ.

ಹಣ ವಸೂಲಿಯ ‘ಪೇಮೆಂಟ್ ಗೇಟ್‌ವೇ’ ಕಂಪನಿಗಳು ಕಾರ್ಡಿನ ಪಾವತಿಗೆ ಸುಮಾರು ಶೇ. 2ರಷ್ಟು ಹಿಡಿಯುತ್ತವೆ, ಆ ಶುಲ್ಕದ ಮೇಲೆ ಶೇ. 18 ಜಿ.ಎಸ್.ಟಿ. ಬೇರೆ. 500 ರೂಪಾಯಿಯ ಆರ್ಡರಿಗೆ 11 ರೂಪಾಯಿ 80 ಪೈಸೆ ಹೋಯಿತೆಂದು ತಿಳಿಯಿರಿ. ಯು.ಪಿ.ಐ. ಪಾವತಿಯ ಮೇಲಿನ ವ್ಯಾಪಾರಿ ಶುಲ್ಕವನ್ನು ಸರ್ಕಾರ 2020ರ ಜನವರಿಯಿಂದ ತೆಗೆದುಹಾಕಿತು. ಆದರೂ ಗೇಟ್‌ವೇಯವರು ಸೇವೆಯ ಹೆಸರಿನಲ್ಲಿ ಏನಾದರೂ ಹಿಡಿಯುತ್ತಾರೆಯೇ ಎಂದು ವಿಚಾರಿಸಿ. ಸಾಫ್ಟ್‌ವೇರಿನವರೂ ಪ್ರತಿ ಮಾರಾಟದಲ್ಲಿ ಪಾಲು ಕೇಳುವುದುಂಟು. ಗಿರಾಕಿಯ ಕಾರ್ಡ್ ಸಂಖ್ಯೆಯನ್ನು ನಿಮ್ಮಲ್ಲಿ ಉಳಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಅವರನ್ನು ದೂರವಿಡಿ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು ಇದನ್ನು ನಿಷೇಧಿಸಿದೆ.

ತಿಂಡಿ ಪದಾರ್ಥ ಮಾರುವವರು ಎಫ್.ಎಸ್.ಎಸ್.ಎ.ಐ. ಸಂಖ್ಯೆಯನ್ನೂ, ಕೇಂದ್ರದ 2020ರ ಇ-ವಾಣಿಜ್ಯ ನಿಯಮಗಳಂತೆ ತಮ್ಮ ಹೆಸರು, ವಿಳಾಸ, ದೂರು ಕೇಳುವವರ ವಿವರವನ್ನೂ ಕಾಣುವಂತೆ ಹಾಕಬೇಕು. ಎಲ್ಲ ಸಾಫ್ಟ್‌ವೇರಿನಲ್ಲೂ ಇದಕ್ಕೆ ಜಾಗವಿದೆ.

ಹಳ್ಳಿಯ ಅಂಗಡಿಗೆ ಪೆಟ್ಟು ಬೀಳುವುದು ಸಾಗಣೆಯಲ್ಲಿ. ಬಟ್ಟೆಬರೆ ಮಾರುವವರು ಎಲ್ಲ ಆರ್ಡರಿಗೂ ಒಂದೇ ದರ ಹಾಕಿ ನಿಭಾಯಿಸುತ್ತಾರೆ. ಒಂದು ಕೆ.ಜಿ. ಜೋನಿಬೆಲ್ಲಕ್ಕೂ ಐದು ಕೆ.ಜಿ.ಗೂ ಒಂದೇ ದರವಿಟ್ಟರೆ ನಮ್ಮ ಕೈಯಿಂದ ಹೋಗುತ್ತದೆ. ಹಪ್ಪಳದ ಕಷ್ಟ ಬೇರೆ: ತೂಕವಿಲ್ಲ, ಆದರೆ ಡಬ್ಬ ದೊಡ್ಡದು, ಕೊರಿಯರಿನವರು ಡಬ್ಬದ ಅಳತೆಯ ಮೇಲೆ ಹಣ ಕೇಳುತ್ತಾರೆ. ಆದ್ದರಿಂದ ತೂಕ ಮತ್ತು ಪಿನ್ ಕೋಡ್ ನೋಡಿ ದರ ಕಟ್ಟುವ ಅನುಕೂಲ ಇದೆಯೇ, ಅದಕ್ಕೆ ಬೇರೆ ಹಣ ಕೊಡಬೇಕೇ ಎಂಬುದನ್ನು ಮೊದಲೇ ತಿಳಿಯಬೇಕು. ವೂಕಾಮರ್ಸ್‌ನ ಮೂಲ ಸಾಫ್ಟ್‌ವೇರಿನಲ್ಲಿ ತೂಕದ ದರಪಟ್ಟಿಯಿಲ್ಲ, ಪ್ರತ್ಯೇಕ ಜೋಡಣೆ ಹಾಕಿಸಬೇಕಾಗುತ್ತದೆ.

ಆ ಸಂಘದವರು ಕಳೆದ ವರ್ಷ ಮತ್ತೆ ಅಂಗಡಿ ತೆರೆದರು, ಈ ಸಲ ಬಾಡಿಗೆಯದು. ಜಾಲತಾಣದ ಹೆಸರು ಸಂಘದ್ದು. ಪಾಸ್‌ವರ್ಡ್ ಬರೆದ ಲಕೋಟೆ ನಡಾವಳಿ ಪುಸ್ತಕದ ಜೊತೆ ಬೀರುವಿನಲ್ಲಿದೆ. ಮಾರಾಟ ತೊಡಗುವ ಮುನ್ನ ತಾವೇ ಗಿರಾಕಿಗಳಾಗಿ, ಹುಬ್ಬಳ್ಳಿಯಲ್ಲಿರುವ ಸದಸ್ಯೆಯೊಬ್ಬರ ಮಗಳಿಗೆ ಒಂದು ಕೆ.ಜಿ. ಜೋನಿಬೆಲ್ಲ ಆರ್ಡರ್ ಮಾಡಿ ನೋಡಿದರು. ಕಾರ್ಟ್ ತೋರಿಸಿದ ಸಾಗಣೆಗೂ ಅಂಚೆಯಲ್ಲಿ ಕೊಟ್ಟ ಹಣಕ್ಕೂ ತಾಳೆಯಾಗಲಿಲ್ಲ. ಬಾಟಲಿ, ರಟ್ಟು, ಹೊಟ್ಟಿನ ತೂಕ ಸೇರಿಸುವುದನ್ನು ಮರೆತಿದ್ದರು. ಈಗ ಪ್ರತಿಯೊಂದು ಪದಾರ್ಥವನ್ನೂ ಕಟ್ಟು ಕಟ್ಟಿದ ಮೇಲೆ ತಕ್ಕಡಿಗಿಟ್ಟು, ಆ ತೂಕವನ್ನೇ ಕಾರ್ಟ್‌ನಲ್ಲಿ ಬರೆಸಿದ್ದಾರೆ.