ಭವನಕ್ಕೆ ಗಾಜು ಹಾಕಿಸುವ ಮುನ್ನ

ಇತ್ತೀಚೆಗೆ ಮುಂಬಯಿ ಉಪನಗರದ ಸಂಘವೊಂದರ ಮಹಾಸಭೆಗೆ ಹೋಗುವ ಅವಕಾಶ ದೊರೆಯಿತು. ಅವರ ಹೊಸ ಭವನದ ಕಾಮಗಾರಿ ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಅಂದು ಎರಡು ವಿಷಯಗಳು ಸಭೆಯ ಮುಂದಿದ್ದವು. ಒಂದು, ಭವನದ ಮುಂಭಾಗ, ಮೆಟ್ಟಿಲು ಮತ್ತು ಬಾಲ್ಕನಿಗೆ ಗಾಜು ಹಾಕಿಸುವ ಕೊಟೇಶನ್. ಇನ್ನೊಂದು, ವಾರ್ಷಿಕೋತ್ಸವದ ಊಟ. ಊಟದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ನಡೆದು, ಹೋಳಿಗೆಯೋ ಜಿಲೇಬಿಯೋ ಎಂಬಲ್ಲಿಗೆ ಮತಕ್ಕೆ ಹಾಕುವುದೊಂದೇ ಬಾಕಿಯಿತ್ತು. ಗಾಜಿನ ಕೊಟೇಶನ್ ಮಾತ್ರ ಐದು ನಿಮಿಷದಲ್ಲಿ ಪಾಸಾಯಿತು. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು "ಯಾವ ಗಾಜು ಮಾರಾಯ್ರೆ?" ಎಂದು ಕೇಳಿದರು. "ಟಫನ್ಡ್ ಗ್ಲಾಸ್ ಅಣ್ಣ, ಒಡೆಯುವುದೇ ಇಲ್ಲ" ಎಂದು ವೇದಿಕೆಯಿಂದ ಉತ್ತರ ಬಂತು. ಚಪ್ಪಾಳೆಯೊಂದಿಗೆ ವಿಷಯ ಮುಗಿಯಿತು.

ಈ ಮಹಾನಗರದಲ್ಲಿ ಅಲ್ಯೂಮಿನಿಯಂ ಕಿಟಕಿ, ಗಾಜಿನ ಬಾಗಿಲುಗಳ ಕೆಲಸದಲ್ಲಿಯೇ ಮೂವತ್ತು ವರ್ಷ ಕಳೆದವನು ನಾನು. ಆ ಉತ್ತರ ಕೇಳಿ ನನಗೆ ಸುಮ್ಮನಿರಲಾಗಲಿಲ್ಲ. ಒಡೆಯದ ಗಾಜು ಎಂಬುದು ಯಾವುದೂ ಇಲ್ಲ. ಒಡೆದ ಮೇಲೆ ಅದು ಏನಾಗುತ್ತದೆ, ಎಲ್ಲಿ ಬೀಳುತ್ತದೆ, ಕೆಳಗೆ ಯಾರಿರುತ್ತಾರೆ ಎಂಬುದನ್ನು ಕೇಳಿಯೇ ಗಾಜನ್ನು ಆರಿಸಬೇಕು. ನಮ್ಮ ಸಂಘ-ಸಂಸ್ಥೆಗಳು ಈ ಪ್ರಶ್ನೆಯನ್ನು ಕೇಳುತ್ತಿಲ್ಲ ಎಂಬುದು ನನ್ನ ಆಕ್ಷೇಪ.

ಗಾಜು ನಮಗೆ ಹೊಸತೇನಲ್ಲ. ಊರಿನಲ್ಲಿ ಮಂಗಳೂರು ಹಂಚಿನ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಅಡುಗೆಮನೆಯ ಮಾಡಿನಲ್ಲಿದ್ದ ಒಂದೋ ಎರಡೋ ಗಾಜಿನ ಹಂಚು ನೆನಪಿರಬಹುದು. ಒಲೆಯ ಬಳಿ ಬೆಳಕು ಬೇಕಿತ್ತು, ಅಲ್ಲಿಗೆ ಮಾತ್ರ ಗಾಜು. ಇಡೀ ಮಾಡಿಗೆ ಗಾಜು ಹೊದಿಸಬೇಕೆಂದು ಅಜ್ಜನಿಗೆ ಅನಿಸಲಿಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಗೆ ಲಂಡನ್ನಿನ 1851ರ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಅಲ್ಲಿಯೂ ಕಾರಣವಿತ್ತು, ಗಿಡ-ಹೂಗಳ ಪ್ರದರ್ಶನಕ್ಕೆ ಬೆಳಕು ಬೇಕು. ಈಗಿನ ನಮ್ಮ ಭವನಗಳಿಗೆ ನೆಲದಿಂದ ಮೇಲಿನ ಮಹಡಿಯವರೆಗೆ ಗಾಜು ಏಕೆ ಎಂದು ಕೇಳಿದರೆ, "ಈಗ ಎಲ್ಲರೂ ಹಾಗೆಯೇ ಮಾಡಿಸುತ್ತಾರೆ" ಎನ್ನುವುದಕ್ಕಿಂತ ಬೇರೆ ಉತ್ತರ ಸಿಗುವುದು ಅಪರೂಪ.

ಗಾಜಿನ ವಿಧಗಳನ್ನು ಅರಿಯಲು ಇಂಜಿನಿಯರ್ ಆಗಬೇಕಿಲ್ಲ. ಸಮಿತಿಯ ಸದಸ್ಯರು ಮೂರನ್ನು ತಿಳಿದರೆ ಮುಕ್ಕಾಲು ಕೆಲಸ ಆದಂತೆ.

ಮೊದಲನೆಯದು ಸಾದಾ ಗಾಜು. ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆಯಾಗಿಸುವುದರಿಂದ ಇದಕ್ಕೆ ಫ್ಲೋಟ್ ಗ್ಲಾಸ್ ಎಂದು ಹೆಸರು. ಇದು ಒಡೆದರೆ ಕತ್ತಿಯಂತಹ ಉದ್ದ ಚೂರುಗಳಾಗುತ್ತದೆ. ಫೋಟೋ ಫ್ರೇಮಿಗೆ, ಕಪಾಟಿಗೆ, ಸಣ್ಣ ಕಿಟಕಿಗೆ ಸಾಕು. ಜನ ಓಡಾಡುವಲ್ಲಿ, ಬಾಗಿಲಿಗೆ, ಬಚ್ಚಲುಮನೆಗೆ ಸಲ್ಲದು.

ಎರಡನೆಯದು ಟಫನ್ಡ್ ಗ್ಲಾಸ್. ಸಾದಾ ಗಾಜನ್ನೇ 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಗಾಳಿ ಹಾಯಿಸಿ ಥಟ್ಟನೆ ತಣಿಸುತ್ತಾರೆ. ಹೊರಮೈ ಬಿಗಿಯಾಗಿ, ಒಳಭಾಗ ಎಳೆತದಲ್ಲಿರುತ್ತದೆ. ಸಾದಾ ಗಾಜಿಗಿಂತ ಇದು ನಾಲ್ಕೈದು ಪಟ್ಟು ಗಟ್ಟಿ. ಒಡೆದಾಗ ಕಲ್ಲುಸಕ್ಕರೆಯಂತಹ ಸಣ್ಣ ತುಂಡುಗಳಾಗುವುದರಿಂದ ಆಳವಾದ ಗಾಯವಾಗುವ ಭಯ ಕಡಿಮೆ. ಬಾಗಿಲುಗಳಿಗೆ ಇದು ಒಳ್ಳೆಯದು. ಆದರೆ ಒಡೆದರೆ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ, ಪೂರ್ತಿ ಕೆಳಗೆ ಸುರಿಯುತ್ತದೆ. ಒಮ್ಮೆ ಟಫನ್ ಮಾಡಿದ ಮೇಲೆ ಕತ್ತರಿಸಲಾಗಲಿ ತೂತು ಕೊರೆಯಲಾಗಲಿ ಬರುವುದಿಲ್ಲ. ಅಳತೆ ಮೊದಲೇ ಸರಿಯಾಗಿರಬೇಕು.

ಮೂರನೆಯದು ಲ್ಯಾಮಿನೇಟೆಡ್ ಗ್ಲಾಸ್. ಎರಡು ಗಾಜುಗಳ ನಡುವೆ ಪ್ಲಾಸ್ಟಿಕಿನಂತಹ ಪಾರದರ್ಶಕ ಪದರವಿಟ್ಟು, ಶಾಖ ಮತ್ತು ಒತ್ತಡದಿಂದ ಒಂದಾಗಿಸುತ್ತಾರೆ. ಕಾರಿನ ಮುಂದಿನ ಗಾಜು ಇದೇ. ಒಡೆದರೆ ಜೇಡರ ಬಲೆಯಂತೆ ಬಿರುಕು ಮೂಡುತ್ತದೆ, ಆದರೆ ಚೂರುಗಳು ಆ ಪದರಕ್ಕೆ ಅಂಟಿಕೊಂಡೇ ಇರುತ್ತವೆ. ಹೊರಗಿನ ಸದ್ದನ್ನೂ ತಡೆಯುತ್ತದೆ. ರೈಲುಹಳಿಯ ಪಕ್ಕದ ಭವನಗಳವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಈ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಭಾಗೃಹದ ಬಾಲ್ಕನಿಗೆ ಗಾಜಿನ ರೇಲಿಂಗ್ ಹಾಕಿಸಿದವನು ನಾನೇ. ಲ್ಯಾಮಿನೇಟೆಡ್ ಹಾಕೋಣ ಎಂದಿದ್ದೆ. ಬಜೆಟ್ ಮೀರುತ್ತದೆ, ಟಫನ್ಡ್ ಸಾಕು ಎಂದರು. ನಾನೂ ಹೆಚ್ಚು ವಾದಿಸಲಿಲ್ಲ. ಕೆಲಸ ಕೈತಪ್ಪೀತು ಎಂಬ ಅಂಜಿಕೆ. ಎರಡು ವರ್ಷಗಳ ನಂತರ ಒಂದು ರಾತ್ರಿ ಎರಡು ಗಂಟೆಗೆ ವಾಚ್‌ಮನ್‌ಗೆ ಪಟಾಕಿ ಸಿಡಿದಂತೆ ಸದ್ದು ಕೇಳಿತಂತೆ. ಬೆಳಗ್ಗೆ ನಾನು ಹೋಗಿ ನೋಡಿದಾಗ ರೇಲಿಂಗಿನ ಒಂದು ಗಾಜು ಪೂರ್ತಿ ಕೆಳಗಿನ ಕುರ್ಚಿಗಳ ಮೇಲೆ ರಾಶಿ ಬಿದ್ದಿತ್ತು. ಹಿಂದಿನ ಸಂಜೆ ಅದೇ ಕುರ್ಚಿಗಳಲ್ಲಿ, ಮಕ್ಕಳ ಯಕ್ಷಗಾನ ತರಬೇತಿ ನೋಡುತ್ತಾ ತಾಯಂದಿರು ಕುಳಿತಿದ್ದರು.

ಯಾರೂ ಮುಟ್ಟದ ಗಾಜು ಒಡೆದದ್ದು ಹೇಗೆ? ತಯಾರಿಕೆಯ ವೇಳೆ ಗಾಜಿನೊಳಗೆ ನಿಕ್ಕಲ್ ಸಲ್ಫೈಡಿನ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಉಳಿದುಬಿಡುವುದುಂಟು. ಅದು ನಿಧಾನವಾಗಿ ಹಿಗ್ಗುತ್ತದೆ. ಒಳಭಾಗದ ಎಳೆತದಲ್ಲಿ ಸಿಕ್ಕಿದ ಅಂತಹ ಕಣ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಇಡೀ ಗಾಜನ್ನು ಸಿಡಿಸಬಹುದು. ಗಾಜನ್ನು ಕಾರ್ಖಾನೆಯಲ್ಲಿಯೇ ಗಂಟೆಗಟ್ಟಲೆ ಬಿಸಿಯಲ್ಲಿಟ್ಟು ಪರೀಕ್ಷಿಸಿದರೆ ದೋಷವುಳ್ಳ ಹೆಚ್ಚಿನ ಗಾಜುಗಳು ಅಲ್ಲಿಯೇ ಒಡೆಯುತ್ತವೆ. ಇದಕ್ಕೆ ಹೀಟ್ ಸೋಕ್ ಪರೀಕ್ಷೆ ಎನ್ನುತ್ತಾರೆ. ನಮ್ಮ ಆರ್ಡರಿನಲ್ಲಿ ಅದನ್ನೂ ಯಾರೂ ಕೇಳಿರಲಿಲ್ಲ.

ಗಾಜಿನ ತೂಕದ ಲೆಕ್ಕ ಸುಲಭ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. 12 ಮಿ.ಮೀ. ದಪ್ಪದ, ಒಂದು ಮೀಟರ್ ಎತ್ತರದ, 1.2 ಮೀಟರ್ ಅಗಲದ ರೇಲಿಂಗ್ ಗಾಜು 36 ಕಿಲೋ ಭಾರ. ಸಣ್ಣ ತುಂಡುಗಳಾಗುತ್ತದೆ ನಿಜ. ಆದರೆ ಅನೇಕ ಸಲ ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು ಹೆಂಟೆಗಳಾಗಿಯೇ ಬೀಳುತ್ತವೆ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ತಲೆಯ ಮೇಲಿರುವ ಗಾಜು, ಅಂದರೆ ಸ್ಕೈಲೈಟ್ ಮತ್ತು ಪ್ರವೇಶದ್ವಾರದ ಗಾಜಿನ ಚಪ್ಪರ, ಹಾಗೂ ಆಚೆಗೆ ಬೀಳುವ ಅಪಾಯವಿರುವ ರೇಲಿಂಗ್, ಇವಕ್ಕೆ ಲ್ಯಾಮಿನೇಟೆಡ್ ಗಾಜೇ ಇರಬೇಕು. ರೇಲಿಂಗಿಗಾದರೆ ಎರಡು ಟಫನ್ಡ್ ಹಾಳೆಗಳನ್ನು ಸೇರಿಸಿದ ಲ್ಯಾಮಿನೇಟೆಡ್ ಮತ್ತು ಮೇಲೊಂದು ಗಟ್ಟಿ ಕೈಹಿಡಿ. ಪುನರ್ವಿಕಾಸಕ್ಕೆ ಹೋಗುತ್ತಿರುವ ನಮ್ಮ ಹೌಸಿಂಗ್ ಸೊಸೈಟಿಗಳ ಬಾಲ್ಕನಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನು ಬಿಸಿಲಿನ ವಿಚಾರ. 6 ಮಿ.ಮೀ.ನ ಸಾದಾ ಗಾಜು ತನ್ನ ಮೇಲೆ ಬಿದ್ದ ಸೂರ್ಯಶಾಖದ ಸುಮಾರು ಶೇ. 80ರಷ್ಟನ್ನು ಒಳಗೆ ಬಿಡುತ್ತದೆ. ಪಶ್ಚಿಮಕ್ಕೆ ಮುಖಮಾಡಿದ ಗಾಜಿನ ಸಭಾಗೃಹದಲ್ಲಿ ಮೇ ತಿಂಗಳ ಸಂಜೆಯ ಮದುವೆ ಆರತಕ್ಷತೆಗೆ ಎಷ್ಟು ಎ.ಸಿ. ಓಡಿಸಬೇಕೆಂದು ಖಜಾಂಚಿಯವರನ್ನು ಕೇಳಿ. ಬಣ್ಣದ ಗಾಜು ಶಾಖವನ್ನು ಸ್ವಲ್ಪ ತಡೆದರೂ ತಾನೇ ಬಿಸಿಯಾಗುತ್ತದೆ. ಕನ್ನಡಿಯಂತಹ ರಿಫ್ಲೆಕ್ಟಿವ್ ಗಾಜು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ, ಆದರೆ ಪ್ರಖರತೆ ಎದುರಿನ ಮನೆಯವರ ಕಣ್ಣಿಗೆ. ಮತ್ತು ರಾತ್ರಿ ಒಳಗೆ ದೀಪ ಹಾಕಿದರೆ ಹೊರಗಿನವರಿಗೆ ಎಲ್ಲವೂ ಕಾಣುತ್ತದೆ. ಎರಡು ಗಾಜುಗಳ ನಡುವೆ ಒಣಗಾಳಿ ತುಂಬಿ ಸೀಲ್ ಮಾಡಿದ ಡಬಲ್ ಗ್ಲೇಜಿಂಗ್, ಅದರ ಮೇಲೆ ಶಾಖ ತಡೆಯುವ ತೆಳು ಲೇಪ, ಇವೆರಡೂ ಸೇರಿದರೆ ಶಾಖ ಮೂರನೇ ಒಂದಕ್ಕಿಂತ ಕಡಿಮೆಗೆ ಇಳಿಯಬಹುದು. ಬೆಲೆ ಹೆಚ್ಚು. ಅಂಚಿನ ಸೀಲ್ ಹೋದರೆ ಒಳಗೆ ಮಂಜು ಕಟ್ಟುತ್ತದೆ. ಹಾಗಾಗಿ ಗ್ಯಾರಂಟಿ ಬರಹದಲ್ಲಿರಲಿ. ಎಲ್ಲಕ್ಕಿಂತ ಅಗ್ಗದ ಉಪಾಯ ಗಾಜನ್ನೇ ಕಡಿಮೆ ಮಾಡುವುದು. ಇಂಧನ ಉಳಿತಾಯಕ್ಕಾಗಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೆಂದು 2017ರಲ್ಲಿ ಬಂದ ಕೇಂದ್ರದ ಸಂಹಿತೆ, ಹೊರಗೋಡೆಯಲ್ಲಿ ಕಿಟಕಿ-ಗಾಜಿನ ಪಾಲು ಶೇ. 40ನ್ನು ಮೀರದಿರಲಿ ಎಂದಿತ್ತು. ನಮ್ಮ ಭವನಗಳಿಗೂ ಅದು ಒಳ್ಳೆಯ ಅಳತೆಗೋಲು.

ಬೆಂಕಿಯ ವಿಷಯವನ್ನು ಹೇಳದೆ ಈ ಲೇಖನ ಮುಗಿಸಲಾಗದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಮೇಲಿನ ಮಹಡಿಗಳಲ್ಲಿ ಹೊಗೆ ತುಂಬಿತು. ಉಸಿರಿಗಾಗಿ ಗಾಜು ಒಡೆದವರಿದ್ದರು, ಕೆಳಗೆ ಹಾರಿದವರಿದ್ದರು. 9 ಮಂದಿ ಪ್ರಾಣ ಕಳೆದುಕೊಂಡರು. 2011ರ ಡಿಸೆಂಬರಿನಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದರಲ್ಲಿ ಹೊಗೆ ಹೊರಹೋಗಲು ದಾರಿಯಿಲ್ಲದೆ ಸುಮಾರು 90 ಮಂದಿ ಸತ್ತರು. 2014ರ ಜುಲೈಯಲ್ಲಿ ನಮ್ಮ ಅಂಧೇರಿಯ ಗಾಜಿನ ಬಹುಮಹಡಿ ಕಟ್ಟಡದ ಬೆಂಕಿಯಲ್ಲಿ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಅಸುನೀಗಿದರು. ಈ ದುರಂತಗಳಿಗೆ ಗಾಜೊಂದೇ ಕಾರಣವಲ್ಲ. ಆದರೆ ತೆರೆಯಲು ಬಾರದ ಗಾಜಿನ ಹೊದಿಕೆ ಹೊಗೆಯನ್ನು ಒಳಗೇ ಕೂಡಿಹಾಕುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ನಾನು ಹೊಗಳಿದ ಲ್ಯಾಮಿನೇಟೆಡ್ ಗಾಜಿಗೂ ಇಲ್ಲೊಂದು ಕೊರತೆಯಿದೆ: ಅದನ್ನು ಒಡೆದು ಹೊರಬರುವುದು ಬಹಳ ಕಷ್ಟ. ಆದ್ದರಿಂದ ಪ್ರತಿ ಮಹಡಿಯಲ್ಲಿ ಕೈಯಿಂದ ತೆರೆಯಬಹುದಾದ ಕಿಟಕಿಗಳು ಇರಲೇಬೇಕು. ಟಫನ್ಡ್ ಗಾಜು ಬೆಂಕಿ ತಡೆಯುತ್ತದೆ ಎಂಬುದೂ ತಪ್ಪು ನಂಬಿಕೆ. ತುರ್ತು ಮೆಟ್ಟಿಲಿನ ಬಳಿ ಗಾಜು ಬೇಕೇ ಬೇಕೆಂದಾದರೆ, ಇಷ್ಟು ನಿಮಿಷ ಬೆಂಕಿ ತಾಳುತ್ತದೆ ಎಂಬ ಪರೀಕ್ಷಾಪತ್ರವಿರುವ ಬೇರೆಯೇ ಗಾಜು ಹಾಕಿಸಬೇಕು.

"ದಾನಿಗಳ ಹಣ, ಕಡಿಮೆ ಕೊಟೇಶನನ್ನೇ ಒಪ್ಪಬೇಕಲ್ಲ" ಎಂದು ಸಮಿತಿಯವರು ಹೇಳುವುದುಂಟು. ಅವರ ಕಷ್ಟ ನನಗೂ ಗೊತ್ತು. ಹೋಟೆಲಿನ ಗಲ್ಲಾದಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಕುಳಿತವರು, ಕ್ಯಾಂಟೀನಿನಲ್ಲಿ ದುಡಿದವರು ಕೊಟ್ಟ ಹಣ ಅದು. ಆದರೆ ಮುಂಭಾಗದ ಶೋಕಿಯ ಗಾಜನ್ನು ಕಾಲುಭಾಗ ಕಡಿಮೆ ಮಾಡಿದರೆ, ರೇಲಿಂಗ್ ಮತ್ತು ಚಪ್ಪರಕ್ಕೆ ಒಳ್ಳೆಯ ಗಾಜು ಹಾಕಿಸುವಷ್ಟು ಹಣ ಹೆಚ್ಚಿನ ಕಡೆ ಅಲ್ಲಿಯೇ ಉಳಿಯುತ್ತದೆ. ಯುವಕರಿಗೆ ಆಧುನಿಕ ಭವನ ಬೇಕು, ಬೇಡವೆನ್ನುವವರು ಯಾರು? ಗಾಜು ಬೇಡವೆಂದು ನಾನು ಹೇಳುತ್ತಿಲ್ಲ, ಅದೇ ನನ್ನ ಅನ್ನ.

ಆದ್ದರಿಂದ ಒಂದು ಸಲಹೆ. ಗಾಜಿನ ಕೊಟೇಶನ್ ಮುಂದೆ ಬಂದಾಗ ಸದಸ್ಯರು ಐದು ಪ್ರಶ್ನೆ ಕೇಳಲಿ. ಯಾವ ಜಾಗಕ್ಕೆ ಯಾವ ವಿಧದ, ಎಷ್ಟು ದಪ್ಪದ ಗಾಜು? ಸುರಕ್ಷತಾ ಗಾಜಿನ ಮೇಲೆ ಐಎಸ್ 2553 ಮಾನದಂಡದ ಗುರುತು ಇದೆಯೇ, ಟಫನ್ಡ್ ಆದರೆ ಹೀಟ್ ಸೋಕ್ ಪರೀಕ್ಷೆಯಾಗಿದೆಯೇ? ಪಶ್ಚಿಮದ ಗಾಜು ಎಷ್ಟು ಶಾಖ ಒಳಬಿಡುತ್ತದೆ? ಹೊಗೆ ಹೋಗಲು ತೆರೆಯುವ ಕಿಟಕಿ ಎಲ್ಲೆಲ್ಲಿ? ಗಾಜಿನ ಬಾಗಿಲುಗಳ ಮೇಲೆ ದೊಡ್ಡವರ ಮತ್ತು ಮಕ್ಕಳ ಕಣ್ಣಿನ ಎತ್ತರಕ್ಕೆ ಪಟ್ಟಿಯ ಗುರುತು ಹಾಕುತ್ತಾರೆಯೇ? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಗಾಜಿಗೆಂದೇ ಒಂದು ವಿಭಾಗವಿದೆ. ಆರ್ಕಿಟೆಕ್ಟರು ಅದರಂತೆ ಬರೆದುಕೊಡಲಿ. ಉತ್ತರಗಳು ಸಭೆಯ ನಡಾವಳಿಯಲ್ಲಿ ದಾಖಲಾಗಲಿ. ಹೋಟೆಲಿನ ಮುಂಬಾಗಿಲು ಬದಲಿಸುವ ನಮ್ಮ ಹೋಟೆಲು ಬಂಧುಗಳೂ ಇದನ್ನೇ ಕೇಳಬಹುದು.

ಅಂದಿನ ಸಭೆ ಮುಗಿದ ಮೇಲೆ ಆ ಹಿರಿಯರನ್ನೂ ಕಾರ್ಯದರ್ಶಿಯವರನ್ನೂ ಕಂಡು ಇಷ್ಟನ್ನೂ ಹೇಳಿದೆ. ಕೊಟೇಶನನ್ನು ಮತ್ತೆ ಸಮಿತಿಯ ಮುಂದೆ ಇಡುವುದಾಗಿ ಕಾರ್ಯದರ್ಶಿಯವರು ಒಪ್ಪಿದ್ದಾರೆ. ಗಾಜು ಇನ್ನೂ ಆರ್ಡರ್ ಆಗಿಲ್ಲ, ಸಮಯವಿದೆ. ಭವನ ಕಟ್ಟುತ್ತಿರುವ ಇತರ ಸಂಘಗಳ ಬಾಂಧವರೂ ಊಟದ ಚರ್ಚೆಗೆ ಮೊದಲು ಗಾಜಿಗೆ ಅರ್ಧ ಗಂಟೆ ಕೊಡಬೇಕೆಂದು ನನ್ನ ವಿನಂತಿ. ಹೋಳಿಗೆಯೋ ಜಿಲೇಬಿಯೋ, ಆ ಮೇಲೆ ನಿಧಾನವಾಗಿ ತೀರ್ಮಾನಿಸಬಹುದು.