ಕನ್ನಡ ಟೈಪಿಂಗ್ ಸೂಚನೆ ಫಾರ್ವರ್ಡ್ ಮಾಡುವ ಮುನ್ನ: ಅದು ಯಾವ ಆವೃತ್ತಿಯದ್ದು?

ಬೆಳಗಾವಿ ಜಿಲ್ಲೆಯ ಮಂಗಸೂಳಿ ಯಾವ ತಾಲ್ಲೂಕಿನಲ್ಲಿದೆ? ಹಳೆಯ ದಾಖಲೆ ನೋಡಿದವರು ಅಥಣಿ ಎನ್ನುತ್ತಾರೆ, ಹೊಸದನ್ನು ನೋಡಿದವರು ಕಾಗವಾಡ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಕಾಗವಾಡವೂ ಒಂದು. ಅದಕ್ಕೂ ಮೊದಲು ಮಂಗಸೂಳಿ ಅಥಣಿಗೇ ಸೇರಿತ್ತು. ಆದರೆ ಹಳೆಯ ಕಾಗದ ನೋಡಿಕೊಂಡು ಇವತ್ತು ಅರ್ಜಿ ತುಂಬಿದರೆ ತಪ್ಪಾಗುತ್ತದೆ.

'ಕಂಪ್ಯೂಟರ್‌ನಲ್ಲಿ ಉಚಿತವಾಗಿ ಕನ್ನಡ ಟೈಪ್ ಮಾಡುವುದು ಹೇಗೆ' ಎಂಬಂಥ ವಾಟ್ಸ್‌ಆ್ಯಪ್ ಸೂಚನೆಗಳ ಪಾಡೂ ಇದೇ. ನಾವು ಸಾಮಾನ್ಯವಾಗಿ ಒಂದು ಸಂದೇಶ ನಿಜವೋ ಸುಳ್ಳೋ ಎಂದು ಪರಿಶೀಲಿಸುತ್ತೇವೆ. ಇಂಥ ಸೂಚನೆಗಳಿಗೆ ಆ ಪ್ರಶ್ನೆ ಸಾಲದು. ಬರೆದ ದಿನ ಅವು ನಿಜವೇ ಆಗಿದ್ದವು.

ಉಬುಂಟುವನ್ನೇ ನೋಡಿ

ಉಬುಂಟು ಓಪನ್ ಸೋರ್ಸ್ ತಂತ್ರಾಂಶ. ಅಂದರೆ ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಎಷ್ಟೋ ಶಿಕ್ಷಕರು ತರಬೇತಿಯಲ್ಲಿ ಇದನ್ನು ಕಲಿತಿದ್ದಾರೆ. ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಜೊತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರೂಪಿಸಿದ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ತಾಣದಲ್ಲಿ ಉಬುಂಟು, ಲಿಬ್ರೆ ಆಫೀಸ್, ಜಿಯೋಜಿಬ್ರಾ ಕಲಿಯಲು ಕನ್ನಡದಲ್ಲೇ ಪಾಠಗಳಿವೆ.

ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. 2016ರ ಆವೃತ್ತಿಯಲ್ಲಿ ಪ್ರೋಗ್ರಾಂ ಹುಡುಕುವ ಗುಂಡಿ ಪರದೆಯ ಎಡಗಡೆ ಮೇಲ್ತುದಿಯಲ್ಲಿತ್ತು. 2018ರ ಆವೃತ್ತಿಯಲ್ಲಿ ಪರದೆಯ ವಿನ್ಯಾಸವೇ ಬದಲಾಗಿ ಅದು ಕೆಳತುದಿಗೆ ಬಂತು. 2020ರ ಆವೃತ್ತಿಯಲ್ಲಿ ಕನ್ನಡ ಕೀಬೋರ್ಡ್ ಸೇರಿಸಲು ಸೆಟ್ಟಿಂಗ್ಸ್‌ನ 'ರೀಜನ್ ಅಂಡ್ ಲ್ಯಾಂಗ್ವೇಜ್' ತೆರೆಯಬೇಕಿತ್ತು, 2022ರದ್ದರಲ್ಲಿ 'ಕೀಬೋರ್ಡ್' ತೆರೆಯಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಹಳೆಯ ಮಾರ್ಗದರ್ಶಿಗಳು ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ ಎನ್ನುತ್ತವೆ. ಈಗ ಒತ್ತಬೇಕಾದದ್ದು ಸೂಪರ್ ಕೀ, ಅಂದರೆ ವಿಂಡೋಸ್ ಚಿಹ್ನೆಯ ಕೀ, ಜೊತೆಗೆ ಸ್ಪೇಸ್.

ಇವೆಲ್ಲ ಸಣ್ಣ ಬದಲಾವಣೆಗಳೇ. ಆದರೆ ನಲವತ್ತು ನಿಮಿಷದ ತರಗತಿಯಲ್ಲಿ ಶಿಕ್ಷಕಿಯೊಬ್ಬರು ಹಳೆಯ ಚಿತ್ರ ಹಿಡಿದು ಇಲ್ಲದ ಗುಂಡಿ ಹುಡುಕುತ್ತ ಕೂತರೆ ಪಾಠ ಮುಗಿದಂತೆಯೇ. ಮಕ್ಕಳು 'ಈ ಕಂಪ್ಯೂಟರಿನಲ್ಲಿ ಕನ್ನಡ ಬರೋದಿಲ್ಲ' ಅಂದುಕೊಂಡು ಏಳುತ್ತಾರೆ. ಗಡಿಭಾಗದ ಶಾಲೆಯಲ್ಲಿ ಇದು ಸಣ್ಣ ನಷ್ಟವೇನಲ್ಲ.

ಸೂಚನೆ ಏಕೆ ಹಳತಾಗುತ್ತದೆ?

ತಂತ್ರಾಂಶದಲ್ಲಿ ದೋಷವಿದ್ದರೆ ಅದು ಕೆಲಸ ನಿಲ್ಲಿಸುತ್ತದೆ, ಯಾರಾದರೂ ದೂರು ಕೊಡುತ್ತಾರೆ. ಮಾರ್ಗದರ್ಶಿ ತಪ್ಪಾದರೆ ಯಾವ ಗಂಟೆಯೂ ಬಾರಿಸುವುದಿಲ್ಲ. ಓದಿದವರು ತಮಗೇ ತಿಳಿಯಲಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಹೊಸ ಸೌಲಭ್ಯ ಸೇರಿಸಿದವರಿಗೆ ಸಿಗುವ ಹೆಸರು ಹಳೆಯ ಪುಟ ತಿದ್ದಿದವರಿಗೆ ಸಿಗುವುದಿಲ್ಲ ಎಂಬುದೂ ಒಂದು ಕಾರಣ ಎಂದು ನಮಗನಿಸುತ್ತದೆ. ಅದಕ್ಕೇ ಎಚ್ಚರದ ತಂಡಗಳು ತಂತ್ರಾಂಶ ಬದಲಿಸುವಾಗಲೇ ಅದರ ಮಾರ್ಗದರ್ಶಿಯನ್ನೂ ಬದಲಿಸಬೇಕೆಂದು ನಿಯಮ ಮಾಡಿಕೊಂಡಿವೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಮೂಲ ಇಂಗ್ಲಿಷ್ ಪುಟ ಬದಲಾದಾಗ ಅನುವಾದ ತಾನಾಗಿ ಬದಲಾಗುವುದಿಲ್ಲ.

ಇಲ್ಲೇ ಒಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸೋಣ. ಮೆನುವಿನಲ್ಲಿ ನಿನ್ನೆಯವರೆಗೆ ಕನ್ನಡವಿದ್ದ ಸಾಲು ಅಪ್‌ಡೇಟ್ ಆದ ಮೇಲೆ ಇಂಗ್ಲಿಷ್ ಆದರೆ 'ಕನ್ನಡ ತೆಗೆದುಹಾಕಿದರು' ಎಂದು ಕೆಲವರು ಸಿಟ್ಟಾಗುತ್ತಾರೆ. ಬಹಳಷ್ಟು ಓಪನ್ ಸೋರ್ಸ್ ತಂತ್ರಾಂಶಗಳು ಅನುವಾದಕ್ಕೆ ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆ ಬಳಸುತ್ತವೆ. ಮೂಲ ವಾಕ್ಯ ಸ್ವಲ್ಪ ಬದಲಾದರೂ ಅದು ಹಳೆಯ ಅನುವಾದಕ್ಕೆ 'ಅನುಮಾನ' ಎಂಬ ಗುರುತು ಹಾಕಿ ಬದಿಗಿಡುತ್ತದೆ. ಯಾರಾದರೂ ಮತ್ತೆ ಪರಿಶೀಲಿಸುವವರೆಗೆ ಇಂಗ್ಲಿಷ್ ಕಾಣುತ್ತದೆ. ತಪ್ಪು ಕನ್ನಡ ತೋರಿಸುವುದಕ್ಕಿಂತ ಇದು ವಾಸಿ. ವಾಟ್ಸ್‌ಆ್ಯಪ್ ಫಾರ್ವರ್ಡ್‌ಗೆ ಇಂಥ ಗುರುತು ಹಾಕುವವರು ಯಾರೂ ಇಲ್ಲ.

ಅಪಾಯ ಇರುವುದೆಲ್ಲಿ?

ಗುಂಡಿ ಸಿಗದಿದ್ದರೆ ಹೋಗುವುದು ಸಮಯ ಮಾತ್ರ. 'ಈ ಆವೃತ್ತಿಯನ್ನೇ ಹಾಕಿಕೊಳ್ಳಿ' ಎಂಬ ಹಳೆಯ ಸಲಹೆ ಅದಕ್ಕಿಂತ ಕೆಟ್ಟದ್ದು. ಉಬುಂಟು 18.04ಕ್ಕೆ ಸಾಮಾನ್ಯ ಉಚಿತ ಭದ್ರತಾ ಅಪ್‌ಡೇಟ್‌ಗಳು 2023ರ ಮೇ ತಿಂಗಳಿಗೇ ಮುಗಿದವು. 'ಸುಡೊ' ಎಂದು ಆರಂಭವಾಗುವ ಆದೇಶವನ್ನು ಅರ್ಥವಾಗದೆ ಅಂಟಿಸುವುದಂತೂ ಬೇಡ. ಆ ಪದ ಮನೆಯ ಬೀಗದ ಕೈ ಕೊಟ್ಟಂತೆ: ಮುಂದಿನ ಸಾಲು ಏನು ಹೇಳಿದರೂ ಕಂಪ್ಯೂಟರ್ ಮಾಡುತ್ತದೆ. ಹಳೆಯ ಡೌನ್‌ಲೋಡ್ ಕೊಂಡಿಗಳನ್ನೂ ನಂಬಬೇಡಿ. ನವೀಕರಿಸದೆ ಬಿಟ್ಟ ಜಾಲತಾಣದ ಹೆಸರನ್ನು ಬೇರೆಯವರು ಕೊಂಡುಕೊಳ್ಳಬಹುದು.

ಹಂಚುವ ಮುನ್ನ ಆವೃತ್ತಿಯ ಸಂಖ್ಯೆ, ಬರೆದ ದಿನಾಂಕ ಎರಡೂ ಇವೆಯೇ ನೋಡಿ. ಇಲ್ಲದಿದ್ದರೆ ಫಾರ್ವರ್ಡ್ ಬಿಟ್ಟು ಮೂಲ ಪುಟದ ಕೊಂಡಿ ಕಳಿಸಿ. ನಿಮ್ಮ ಕಂಪ್ಯೂಟರಿನ ಆವೃತ್ತಿ ಸೆಟ್ಟಿಂಗ್ಸ್‌ನ 'ಅಬೌಟ್'ನಲ್ಲಿ ಸಿಗುತ್ತದೆ, ಫೋನಿನದ್ದು 'ಅಬೌಟ್ ಫೋನ್'ನಲ್ಲಿ. ವಿಕಿ ಮಾದರಿಯ ಪುಟವಾದರೆ 'ಇತಿಹಾಸ' ಒತ್ತಿ, ಕೊನೆಯ ಬಾರಿ ಯಾವಾಗ ತಿದ್ದಿದ್ದಾರೆ ಎಂದು ಕಾಣುತ್ತದೆ. ಹಳತಾಗಿದ್ದರೆ ಅದೇ ಪುಟದ 'ಚರ್ಚೆ'ಯಲ್ಲಿ ಮೂರು ವಿಷಯ ಬರೆಯಿರಿ: ನಿಮ್ಮ ಆವೃತ್ತಿ ಯಾವುದು, ಎಷ್ಟನೇ ಹಂತದಲ್ಲಿ ನಿಂತಿತು, ಪರದೆಯಲ್ಲಿ ಏನು ಕಂಡಿತು. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ತಿದ್ದುವವರಿಗೆ ಅಷ್ಟು ಸಾಕು.